ಮಕ್ಕಳು ಬರೆದ ಚಿತ್ರ: ಏನ್ ಇಟ್ಕೊಳ್ಳೋದು, ಎಲ್ಲಿ ಹಾಕೋದು

ಪ್ರಶ್ನೆ: ಅಕ್ಕಾ ನಮಸ್ತೆ. ದಾವಣಗೆರೇಲಿ ನಮ್ದು ಎರಡು ರೂಮಿನ ಬಾಡಿಗೆ ಮನೆ. ಮಗಳಿಗೆ ಆರು ವರ್ಷ, ಮಗನಿಗೆ ನಾಲ್ಕು. ಇಬ್ರೂ ದಿನಾ ಚಿತ್ರ ಬರೀತಾರೆ, ಜೊತೆಗೆ ಸ್ಕೂಲಿಂದ ಬೇರೆ ವಾರವಾರ ಒಂದು ಕಟ್ಟು ಬರತ್ತೆ, ಕಾಳು ಅಂಟಿಸಿದ ಪೇಪರ್ ಪ್ಲೇಟು, ಬೆಂಡೆಕಾಯಿ ಅಚ್ಚು, ಒಣಗಿದ ಎಲೆ, ಎಲ್ಲಾ. ಫ್ರಿಜ್ ಬಾಗಿಲು ತುಂಬ್ತು, ಟಿವಿ ಕೆಳಗೆ ತುಂಬ್ತು, ಈಗ ಮಂಚದ ಕೆಳಗೆ ತಳ್ತಾ ಇದೀನಿ. ಮೊನ್ನೆ ನಮ್ಮತ್ತೆ ಗೊತ್ತಾಗ್ದೆ ಒಂದಿಷ್ಟನ್ನ ಹಳೇ ಪೇಪರ್ ಜೊತೆ ರದ್ದಿಗೆ ಹಾಕ್ಬಿಟ್ರು, ಮಗಳು ಆವತ್ತು ರಾತ್ರಿ ಊಟಾನೇ ಮಾಡ್ಲಿಲ್ಲ. ಎಲ್ಲಾ ಇಡೋಕೆ ಜಾಗ ಇಲ್ಲ, ಬಿಸಾಕೋಕೆ ಮನಸ್ಸು ಬರಲ್ಲ, ಗೋಡೆಗೆ ಮೊಳೆ ಹೊಡೆಯೋಕೆ ಓನರ್ ಬಿಡಲ್ಲ. ಏನ್ಮಾಡ್ಲಿ?

ಉತ್ತರ: ಮೊದ್ಲು ಮಗಳ ವಿಷ್ಯ. ಅವಳ ಹತ್ರ ಕೂತು ಹೋಗಿದ್ದು ಯಾವ್ಯಾವ ಚಿತ್ರ ಅಂತ ಕೇಳಿ, ಅದ್ರಲ್ಲಿ ಏನಿತ್ತು ಅಂತ ಅವಳು ಹೇಳ್ಲಿ, ನೀವು ಪೂರ್ತಿ ಕೇಳಿಸ್ಕೊಳ್ಳಿ. "ಇನ್ನೊಂದು ಬರಿ ಬಿಡು" ಅಂತ ಮಾತ್ರ ಹೇಳ್ಬೇಡಿ. ಇನ್ಮುಂದೆ ನಿನ್ನ ಕೇಳದೆ ಒಂದು ಹಾಳೇನೂ ಮನೆಯಿಂದ ಆಚೆ ಹೋಗಲ್ಲ ಅಂತ ಮಾತು ಕೊಡಿ, ಅತ್ತೆಯವರಿಗೂ ಸಮಾಧಾನವಾಗಿ ಹೇಳಿ.

ಈಗ ಜಾಗದ ವಿಷ್ಯ. ಒಬ್ಬೊಬ್ರಿಗೂ ಒಂದೊಂದು ರಟ್ಟಿನ ಡಬ್ಬ ಕೊಡಿ, ತಿಂಗಳೆಲ್ಲಾ ಬರೆದಿದ್ದು ಅದಕ್ಕೆ ಬೀಳ್ಲಿ. ತಿಂಗಳ ಕೊನೇ ಭಾನುವಾರ ನೆಲದ ಮೇಲೆ ಎಲ್ಲಾ ಹರಡಿ ಮಕ್ಕಳೇ ಆರಿಸ್ಲಿ, ಐದೋ ಆರೋ ಸಾಕು. ಮಕ್ಕಳು ಆರಿಸೋದು ನಾವು ಆರಿಸೋದಕ್ಕಿಂತ ಪೂರ್ತಿ ಬೇರೆ ಇರತ್ತೆ, ನಮಗೆ ನೀಟಾಗಿ ಬಣ್ಣ ತುಂಬಿದ್ದು ಚೆಂದ ಕಾಣತ್ತೆ, ಅವ್ರಿಗೆ ಅದು ಬೇಕಾಗೇ ಇರಲ್ಲ. ನೀವೂ ಒಂದೆರಡು ಎತ್ತಿಟ್ಕೊಳ್ಳಿ, ಆದ್ರೆ ಪ್ರಿಂಟಾದ ಗೆರೆ ಒಳಗೆ ಬಣ್ಣ ಹಾಕಿದ್ದನ್ನ ಬಿಟ್ಟು ಮಗು ತಾನೇ ಯೋಚನೆ ಮಾಡಿ ಬರೆದಿದ್ದನ್ನ ಇಡಿ ಅಂತ ನನ್ನ ಮಾತು. ನನ್ನ ಮಗ ಐದು ವರ್ಷದವನಿದ್ದಾಗ ಅಜ್ಜಿ ಚಿತ್ರ ಬರೆದಿದ್ದ, ನೇರಳೆ ಸ್ಕೆಚ್ ಪೆನ್ನಲ್ಲಿ. ಪುಟ್ಟ ತಲೆ, ಕೈ ಮಾತ್ರ ಹಾಳೆಯ ಈ ತುದಿಯಿಂದ ಆ ತುದಿವರೆಗೆ. ಯಾಕಪ್ಪಾ ಇಷ್ಟುದ್ದ ಅಂದ್ರೆ "ಅಜ್ಜಿ ಒಲೆ ಹತ್ರಾನೇ ನಿಂತ್ಕೊಂಡು ಎಲ್ಲರ ತಟ್ಟೆಗೂ ಬಡಿಸ್ತಾರಲ್ಲ" ಅಂದ. ಆ ಮಾತನ್ನ ಹಾಗೇ ಹಾಳೆ ಹಿಂದೆ ಬರೆದಿಟ್ಟೆ. ಅವರು ಈಗ ಇಲ್ಲ, ಆ ಹಾಳೆ ಇದೆ. ಅದಕ್ಕೇ ಹೇಳ್ತೀನಿ, ಇಟ್ಕೊಳ್ಳೋ ಪ್ರತಿ ಚಿತ್ರದ ಹಿಂದೆ ತಾರೀಖು, ವಯಸ್ಸು, ಮಗು ಹೇಳಿದ ಒಂದು ಮಾತು ಬರೀಲೇಬೇಕು. ಪೆನ್ಸಿಲಲ್ಲೇ ಬರೀರಿ, ಮಾರ್ಕರ್ ಆದ್ರೆ ಆಚೆ ಕಡೆಗೆ ಇಳಿಯತ್ತೆ.

ಕಾಳು, ಎಲೆ ಅಂಟಿಸಿದ್ದನ್ನ ಇಡ್ಬೇಡಿ, ಹುಳ ಬರತ್ತೆ, ಆಮೇಲೆ ಪಕ್ಕದ ಹಾಳೆಗಳಿಗೂ ಹತ್ತತ್ತೆ. ಮಗು ಅದನ್ನ ಕೈಲಿ ಹಿಡ್ಕೊಂಡು ನಿಂತಿರೋ ಹಾಗೆ ಫೋಟೋ ತೆಗೀರಿ. ಚಿತ್ರಗಳ ಫೋಟೋನ ಕಿಟಕಿ ಪಕ್ಕ ನೇರ ಬಿಸಿಲು ಬೀಳದ ಕಡೆ ನೆಲದ ಮೇಲಿಟ್ಟು, ಫ್ಲ್ಯಾಶ್ ಇಲ್ದೆ, ಫೋನು ಹಾಳೆಗೆ ಸಮವಾಗಿ ಹಿಡಿದು ತೆಗೀರಿ. ಫೋನಲ್ಲಿ ಬೇರೆ ಆಲ್ಬಂ ಮಾಡಿ ಹಾಕಿ, ಇಲ್ಲಾಂದ್ರೆ ಗುಡ್ ಮಾರ್ನಿಂಗ್ ಮೆಸೇಜುಗಳ ಮಧ್ಯೆ ಕಳ್ದೋಗತ್ತೆ.

ಉಳಿದಿದ್ದಕ್ಕೆ ಸ್ಟೇಷನರಿ ಅಂಗಡೀಲಿ ಪಾರದರ್ಶಕ ಹಾಳೆಯ ಡಿಸ್ಪ್ಲೇ ಫೈಲ್ ಸಿಗತ್ತೆ, ಒಂದರಲ್ಲಿ 20 ಅಥವಾ 40 ಪಾಕೆಟ್ ಇರತ್ತೆ, ವರ್ಷಕ್ಕೊಂದು ಫೈಲ್ ಅಂತ ಇಟ್ಕೊಂಡ್ರೆ ಹತ್ತು ವರ್ಷದ್ದೂ ಪುಸ್ತಕದ ಹಾಗೆ ಒಂದೇ ಸಾಲಲ್ಲಿ ನಿಲ್ಲತ್ತೆ. ಪಾಲಿಪ್ರೊಪಿಲೀನ್ ಹಾಳೆ ಇರೋದು ತಗೊಳ್ಳಿ, ಮೆತ್ತಗೆ ವಾಸನೆ ಬರೋ ಪಿವಿಸಿ ಕವರ್ ಆದ್ರೆ ಬಣ್ಣ ಅದಕ್ಕೇ ಅಂಟ್ಕೊಳ್ಳತ್ತೆ. ದೊಡ್ಡ ಹಾಳೇನ ಮಡಚ್ಬೇಡಿ, ಮಡಚಿದ ಕಡೆ ಪೋಸ್ಟರ್ ಕಲರ್ ಉದುರತ್ತೆ. ಕ್ರೇಯಾನ್ ಚಿತ್ರಗಳ ನಡುವೆ ಬಟರ್ ಪೇಪರ್ ಇಡಿ. ಲ್ಯಾಮಿನೇಷನ್ ಮಾತ್ರ ಖಂಡಿತ ಬೇಡ. ಅದು ಬಿಸಿ ಮೇಲೆ ನಡೆಯೋ ಕೆಲಸ, ಕ್ರೇಯಾನ್ ಅಂದ್ರೆ ಮೇಣ. ಚೆನ್ನಾಗಿರ್ಲಿ ಅಂತ ನಾನು ಒಂದು ಚಿತ್ರ ಮಾಡಿಸಿದ್ದೆ, ಸೂರ್ಯನ ಹಳದಿ ಎಲ್ಲಾ ಕರಗಿ ಮನೆ ಹೆಂಚಿನ ಮೇಲೆ ಹರಿದು ಬಂತು, ಅದನ್ನ ಬಿಡಿಸೋಕೂ ಆಗಲ್ಲ, ಇವತ್ತಿಗೂ ನೋಡಿದ್ರೆ ಸಂಕಟ ಆಗತ್ತೆ.

ಇನ್ನು ಗೋಡೆ. ಮೊಳೆ ಯಾಕೆ, ಮನೇಲಿ ಕಬ್ಬಿಣದ ಬೀರು ಇದೆ ತಾನೇ? ಅದರ ಪಕ್ಕದ ಬದಿ ಸಾಮಾನ್ಯವಾಗಿ ಒಂದೂವರೆ ಅಡಿ ಅಗಲ ಇರತ್ತೆ, ಎ4 ಹಾಳೆ ಉದ್ದಕ್ಕೆ ಇಟ್ರೆ ಎರಡು ಸಾಲು ಆರಾಮಾಗಿ ಹಿಡಿಯತ್ತೆ. ಮ್ಯಾಗ್ನೆಟ್ ಹಾಕಿ ನಿಲ್ಲಿಸಿ. ಗುಂಡಿ ತರದ ಪುಟಾಣಿ ಜೋರು ಮ್ಯಾಗ್ನೆಟ್ ತರ್ಲೇಬೇಡಿ, ಎರಡು ನುಂಗಿದ್ರೆ ಹೊಟ್ಟೆ ಒಳಗೆ ಕರುಳನ್ನ ಮಧ್ಯೆ ಹಿಡ್ಕೊಂಡು ಒಂದಕ್ಕೊಂದು ಅಂಟ್ಕೊಳ್ಳತ್ತೆ, ಜೀವಕ್ಕೇ ಅಪಾಯ, ನಿಮ್ಮ ಮಗ ಇನ್ನೂ ನಾಲ್ಕು ವರ್ಷದವ್ನು. ಅಗಲವಾದ ಪಟ್ಟಿ ಮ್ಯಾಗ್ನೆಟ್ ತನ್ನಿ. ನೆಲದಿಂದ ಮೂರು, ಮೂರೂವರೆ ಅಡಿ ಎತ್ತರದಲ್ಲಿ ಹಾಕಿ, ಅದು ಅವರ ಕಣ್ಣಿಗೆ ಸಿಗೋ ಎತ್ತರ. ಒಟ್ಟು ಆರೇ ಚಿತ್ರ, ಹೊಸದು ಹತ್ತಬೇಕು ಅಂದ್ರೆ ಹಳೇದೊಂದನ್ನ ಮಕ್ಕಳೇ ಇಳಿಸ್ಬೇಕು. ಬಿಸಿಲು ಬೀಳೋ ಕಡೆ ಬೇಡ, ಸ್ಕೆಚ್ ಪೆನ್ ಬಣ್ಣ ಬೇಗ ಮಾಸತ್ತೆ.

ಪ್ರಶ್ನೆ: ಮೇಡಂ, ನಾವು ಪುತ್ತೂರು ಕಡೆಯವ್ರು. ಮಕ್ಕಳ ಚಿತ್ರ ಎಲ್ಲಾ ರಟ್ಟಿನ ಪೆಟ್ಟಿಗೇಲಿ ಹಾಕಿ ಅಟ್ಟದ ಮೇಲಿಟ್ಟಿದ್ದೆ, ಮಳೆಗಾಲ ಕಳೆದು ತೆಗೆದ್ರೆ ಬೂಸ್ಟು, ಅಂಚೆಲ್ಲಾ ಹುಳ ತಿಂದಿದೆ. ಉಳಿಸ್ಬಹುದಾ?

ಉತ್ತರ: ಉಳಿಸ್ಬಹುದು. ಒರೆಸೋಕೆ ಹೋಗ್ಬೇಡಿ, ಒದ್ದೆ ಇದ್ದಾಗ ಉಜ್ಜಿದ್ರೆ ಬೂಸ್ಟು ಹಾಳೆ ಒಳಗೇ ಇಳಿಯತ್ತೆ. ನೆರಳಲ್ಲಿ ಗಾಳಿಗೆ ಒಂದೊಂದೇ ಹರಡಿ, ಪೂರ್ತಿ ಒಣಗಿದ ಮೇಲೆ ಮನೆ ಹೊರಗೆ ಕೂತು, ಮೂಗಿಗೆ ಬಟ್ಟೆ ಕಟ್ಕೊಂಡು ಮೆತ್ತನೆ ಬ್ರಷಲ್ಲಿ ಝಾಡಿಸಿ. ಕಲೆ ಉಳಿಯತ್ತೆ, ಚಿತ್ರ ಉಳಿಯತ್ತೆ. ಆಮೇಲೆ ರಟ್ಟಿನ ಪೆಟ್ಟಿಗೆ ಬಿಟ್ಬಿಡಿ, ರಟ್ಟು ತೇವ ಹೀರತ್ತೆ. ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬ ತಗೊಂಡು ಫೆಬ್ರವರಿ, ಮಾರ್ಚ್‌ನಲ್ಲಿ ಗಾಳಿ ಒಣಗಿರೋವಾಗ ತುಂಬಿ, ಜೂನಲ್ಲಿ ಮುಚ್ಚಿದ್ರೆ ತೇವಾನೂ ಒಳಗೇ ಸೇರ್ಕೊಳ್ಳತ್ತೆ. ಚಪ್ಪಲಿ ಡಬ್ಬದಲ್ಲಿ ಬರೋ ಸಿಲಿಕಾ ಜೆಲ್ ಪೊಟ್ಟಣ ಹಾಕಿ, ಆದ್ರೆ ಮಕ್ಕಳ ಕೈಗೆ ಸಿಗದ ಹಾಗೆ. ನುಸಿ ಗುಳಿಗೆ ಬೇಡ, ಮಿಠಾಯಿ ಅಂತ ಬಾಯಿಗೆ ಹಾಕ್ಕೊಂಡ್ರೆ ವಿಷ. ಸ್ಟೇಪಲ್ ಪಿನ್ನು, ಸೆಲ್ಲೋಟೇಪು ಎಲ್ಲಾ ಮೊದ್ಲೇ ತೆಗೆದುಬಿಡಿ, ಪಿನ್ನು ತುಕ್ಕು ಹಿಡಿಯತ್ತೆ, ಟೇಪು ಹಳದಿ ಕಲೆ ಬಿಡತ್ತೆ.

ಪ್ರಶ್ನೆ: ನಾನು ಸಾಗರದ ಕಡೆಯ ಅಜ್ಜ. ಮೊಮ್ಮಗಳು ಹಜಾರದ ಗೋಡೆ ತುಂಬಾ ಕ್ರೇಯಾನಲ್ಲಿ ಬರೆದಿದ್ದಾಳೆ. ದೀಪಾವಳಿಗೆ ಬಣ್ಣ ಹೊಡೆಸ್ಬೇಕು ಅಂತಾನೆ ಮಗ. ನನಗೆ ಅಳಿಸೋಕೆ ಮನಸ್ಸಾಗ್ತಾ ಇಲ್ಲ.

ಉತ್ತರ: ಅಜ್ಜಾ, ಕೆಮ್ಮಣ್ಣು ಬಳಿದ ಗೋಡೆ ಮೇಲೆ ಅಕ್ಕಿ ಹಿಟ್ಟಿನ ಬಿಳಿ ಬಣ್ಣದಲ್ಲಿ, ಪುಂಡಿ ನಾರಿನ ಕುಂಚ ಹಿಡಿದು ಹಸೆ ಚಿತ್ತಾರ ಬರೆಯೋ ಊರು ನಿಮ್ದು, ಗೋಡೆ ಮೇಲೆ ಚಿತ್ರ ಇರ್ಬಾರ್ದು ಅಂತ ನಿಮಗೆ ಯಾರು ಹೇಳಿಯಾರು! ಗೋಡೇಲಿ ಒಂದು ಭಾಗ, ಎರಡಡಿ ಚೌಕದಷ್ಟು, ಅವಳೇ ತೋರಿಸ್ಲಿ. ಅದರ ಸುತ್ತ ಪೇಂಟರ್ ಹತ್ರ ಪಟ್ಟಿ ಹೊಡೆಸಿ ಹಾಗೇ ಬಿಡಿ, ಮೂಲೇಲಿ ವರ್ಷ ಬರೆಸಿ. ಉಳಿದಿದ್ದನ್ನ ಪೇಂಟ್ ಹೊಡೆಯೋ ಮುಂಚೆ ಫೋಟೋ ತೆಗೆಸಿ. ಮಗನಿಗೆ ಇನ್ನೊಂದು ಹೇಳಿ, ಕ್ರೇಯಾನ್ ಮೇಣದ ಮೇಲೆ ಡಿಸ್ಟೆಂಪರ್ ಹಿಡಿಯಲ್ಲ, ಉಜ್ಜಿ ತೆಗೆದು ಪ್ರೈಮರ್ ಹೊಡೆದ ಮೇಲೇ ಬಣ್ಣ ಹೊಡೆಸ್ಬೇಕು.