ಕ್ಯಾಲೊರಿ ಅಂದರೆ ನಿಜವಾಗಿ ಏನು? ಈ ಪದ ಎಲ್ಲಿಂದ ಬಂತು?

ಕ್ಯಾಲೊರಿ ಅಂದರೆ ತಿಂಡಿಯಲ್ಲಿರುವ ಕೊಬ್ಬು ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಅಲ್ಲ, ಅದು ಶಾಖ ಅಳೆಯುವ ಮಾನ, ಅಷ್ಟೇ.

ಲ್ಯಾಟಿನ್‌ನಲ್ಲಿ ‘ಕ್ಯಾಲೊರ್’ ಅಂದರೆ ಬಿಸಿ, ಕಾವು. ಅದರಿಂದ ಫ್ರೆಂಚರು ‘ಕ್ಯಾಲೊರಿ’ ಮಾಡಿಕೊಂಡರು. 1820ರ ಆಸುಪಾಸಿನಲ್ಲಿ ಪ್ಯಾರಿಸ್‌ನ ನಿಕೋಲಾ ಕ್ಲೆಮಾಂ ಎಂಬ ರಸಾಯನಶಾಸ್ತ್ರದ ಮೇಷ್ಟ್ರು ತಮ್ಮ ಪಾಠಗಳಲ್ಲಿ ಇದನ್ನು ಬಳಸಿದರು. ಅವರ ತಲೆಯಲ್ಲಿದ್ದದ್ದು ಊಟವಲ್ಲ, ಉಗಿ ಯಂತ್ರ! ಒಂದು ಕಿಲೋ ನೀರಿನ ಬಿಸಿಯನ್ನು ಒಂದು ಡಿಗ್ರಿ ಸೆಲ್ಸಿಯಸ್ ಏರಿಸಲು ಬೇಕಾದ ಶಾಖವೇ ಅವರ ಕ್ಯಾಲೊರಿ.

ಆಮೇಲೆ ಬೇರೆಯವರು ಕಿಲೋ ಬಿಟ್ಟು ಗ್ರಾಮ್ ಲೆಕ್ಕ ಹಿಡಿದರು. ಹೆಸರು ಮಾತ್ರ ಅದೇ. ಹೀಗೆ ಒಂದಕ್ಕಿಂತ ಇನ್ನೊಂದು ಸಾವಿರ ಪಟ್ಟು ದೊಡ್ಡದಾದ ಎರಡು ಕ್ಯಾಲೊರಿ ಹುಟ್ಟಿಕೊಂಡವು. ಗೊಂದಲ ಆಗದೆ ಇರುತ್ತಾ? ಡಯಟ್ ಮಾಡುವವರು ಹೇಳುವ ಕ್ಯಾಲೊರಿ ದೊಡ್ಡದು, ಅಂದರೆ ಕಿಲೋ ಕ್ಯಾಲೊರಿ.

ಬಿಸ್ಕತ್ತಿನ ಪ್ಯಾಕೆಟ್ ತಿರುಗಿಸಿ ನೋಡಿ. 100 ಗ್ರಾಮಿಗೆ ಸುಮಾರು 450 ಕಿಲೋ ಕ್ಯಾಲೊರಿ ಅಂತ ಇರುತ್ತದೆ. 25 ಡಿಗ್ರಿಯಲ್ಲಿರುವ ಒಂದು ಲೀಟರ್ ನೀರು ಕುದಿಯುವ ಮಟ್ಟಕ್ಕೆ ಬರಲು 75 ಸಾಕು. ಅಂದರೆ ಆ ಬಿಸ್ಕತ್ತಿನಲ್ಲಿ ಆರು ಲೀಟರ್ ನೀರು ಕಾಯಿಸುವಷ್ಟು ಶಾಖ ಅಡಗಿದೆ!

ವಿಜ್ಞಾನಿಗಳು ಈಗ ಜಾಸ್ತಿ ಬಳಸುವುದು ಜೂಲ್ ಎಂಬ ಇನ್ನೊಂದು ಮಾನವನ್ನು. ಒಂದು ಸಣ್ಣ ಕ್ಯಾಲೊರಿಗೆ 4.184 ಜೂಲ್.

ಅಂದಹಾಗೆ, ಅಜ್ಜಿ ‘ಪಪ್ಪಾಯಿ ಉಷ್ಣ ಕಣೋ’ ಅನ್ನುತ್ತಾರಲ್ಲ, ಆ ಉಷ್ಣಕ್ಕೂ ಇದಕ್ಕೂ ಸಂಬಂಧವಿಲ್ಲ. ಕ್ಯಾಲೊರಿ ಲೆಕ್ಕದಲ್ಲಿ ಪಪ್ಪಾಯಿ ಬಲು ಹಗುರ.