ಥರ್ಡ್ ಪಾರ್ಟಿ ಇನ್ಶೂರೆನ್ಸ್ ಮಾತ್ರ ಇದ್ದರೆ ನನ್ನ ಕಾರಿನ ರಿಪೇರಿಗೆ ಹಣ ಸಿಗುತ್ತದೆಯೇ?

ಇಲ್ಲ, ಒಂದು ರೂಪಾಯಿಯೂ ಸಿಗುವುದಿಲ್ಲ. ಬಂಪರ್ ಒಡೆದರೂ, ಕಾರೇ ಕಳುವಾದರೂ ಖರ್ಚು ನಿಮ್ಮದೇ. ಈ ಪಾಲಿಸಿ ಇರುವುದು ನಿಮ್ಮ ಕಾರಿನಿಂದ ಬೇರೆಯವರಿಗೆ ಆಗುವ ನಷ್ಟಕ್ಕೆ. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಇದು ಕಡ್ಡಾಯ.

ದಾರಿಹೋಕರಿಗೋ ಬೈಕ್ ಸವಾರರಿಗೋ ಪೆಟ್ಟಾದರೆ, ಜೀವ ಹೋದರೆ, ಪರಿಹಾರಕ್ಕೆ ಮೇಲ್ಮಿತಿ ಇಲ್ಲ. ಎಷ್ಟು ಅಂತ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿ ತೀರ್ಮಾನಿಸುತ್ತದೆ. ಆದರೆ ಬೇರೆಯವರ ವಾಹನ, ಕಾಂಪೌಂಡು ಜಖಂ ಆದರೆ ಸಾಮಾನ್ಯವಾಗಿ 7.5 ಲಕ್ಷ ರೂಪಾಯಿವರೆಗೆ ಮಾತ್ರ.

ತುಂಬಾ ಜನ ಗಮನಿಸದ ವಿಷಯ ಒಂದಿದೆ. ನಿಮ್ಮದೇ ಕಾರಿನಲ್ಲಿ ಕೂತ ಅಣ್ಣ, ಅತ್ತಿಗೆ, ಗೆಳೆಯರು ಇಲ್ಲಿ ಥರ್ಡ್ ಪಾರ್ಟಿ ಲೆಕ್ಕಕ್ಕೆ ಬರುವುದಿಲ್ಲ. ಬರೀ ಈ ಪಾಲಿಸಿ ಇದ್ದರೆ ಅವರಿಗೆ ವಿಮಾ ಕಂಪನಿಯಿಂದ ಪರಿಹಾರ ಸಿಗುವುದು ಕಷ್ಟ. ಸುಪ್ರೀಂ ಕೋರ್ಟ್ ತೀರ್ಪುಗಳೂ ಹಾಗೇ ಇವೆ. ಮನೆಮಂದಿಯನ್ನೆಲ್ಲ ತುಂಬಿಕೊಂಡು ಧರ್ಮಸ್ಥಳಕ್ಕೋ ಊರ ಹಬ್ಬಕ್ಕೋ ಹೋಗುವವರು ಸುಮ್ನೆ ಅಗ್ಗ ಅಂತ ಇದನ್ನೇ ಮಾಡಿಸಬೇಡಿ, ನಿಮ್ಮ ಕಾರು, ಅದರಲ್ಲಿ ಕೂತವರು ಎಲ್ಲರಿಗೂ ಅನ್ವಯಿಸುವ ಕಾಂಪ್ರಹೆನ್ಸಿವ್ ಪಾಲಿಸಿ ತೆಗೆದುಕೊಳ್ಳಿ. ಕಾರು ಓಡಿಸುವ ಮಾಲೀಕರಿಗೆ 15 ಲಕ್ಷದ ಪರ್ಸನಲ್ ಆಕ್ಸಿಡೆಂಟ್ ಕವರ್ (ಅಪಘಾತದಲ್ಲಿ ಅವರೇ ಸತ್ತರೆ, ಅಂಗವಿಕಲರಾದರೆ ಸಿಗುವ ವಿಮೆ) ಇದೆ, ಅದರ ಪ್ರೀಮಿಯಂ ಬೇರೆ.

ಹಾಂ, ಲೈಸೆನ್ಸ್ ಇಲ್ಲದವರ ಕೈಗೆ ಕಾರು ಕೊಟ್ಟಿದ್ದರೆ, ಕಂಪನಿ ಮೊದಲು ಗಾಯಾಳುವಿಗೆ ಹಣ ಕೊಟ್ಟು ಆಮೇಲೆ ನಿಮ್ಮಿಂದಲೇ ವಸೂಲಿ ಮಾಡಬಹುದು.