ಒಬ್ಬರೇ ಕಂಡಕ್ಟರ್, ಅದೇ ಒಂಬತ್ತು ಸಿಂಫನಿ, ನಾಲ್ಕು ಸೆಟ್: ಯಾವುದನ್ನು ಹೇಗೆ ಕೇಳುವುದು

ನಮಸ್ಕಾರ. ಆರ್ಕೆಸ್ಟ್ರಾ ನಡೆಸುವ ಕಂಡಕ್ಟರ್ ಹೆರ್ಬರ್ಟ್ ವಾನ್ ಕರಾಯಾನ್ ಅವರ ಬೀಥೋವನ್ ಸೆಟ್ಟುಗಳ (ಒಂಬತ್ತೂ ಸಿಂಫನಿಗಳ ಪೂರ್ತಿ ರೆಕಾರ್ಡಿಂಗುಗಳ) ಬಗ್ಗೆ ನೀವು ಕೇಳಿದ ಪ್ರಶ್ನೆಗೆ ಇದು ಉತ್ತರ. ಬರ್ಲಿನ್‌ನ ಮೂರೂ ಸೆಟ್ಟುಗಳಿಂದ ಮೂರನೆಯ ಮತ್ತು ಏಳನೆಯ ಸಿಂಫನಿಗಳನ್ನು ಒಂದರ ಹಿಂದೊಂದು ಹಾಕಿ ಕೇಳಿದೆ, ಎಲ್ಲ ಒಂದೇ ಥರ ಅನ್ನಿಸಿತು, 80ರ ದಶಕದ್ದು ಮಾತ್ರ ಸ್ವಲ್ಪ ಕ್ಲಿಯರ್ ಆಗಿತ್ತು, ಅದನ್ನೇ ಕೊಳ್ಳಲೇ ಎಂದಿದ್ದೀರಿ. ಅದರ ಕೆಳಗೆ ಇನ್ನೊಬ್ಬ ಸದಸ್ಯರು, ಕೊನೆಯ ರೆಕಾರ್ಡಿಂಗೇ ಕಲಾವಿದರ ಅಂತಿಮ ಮಾತು, ಕಣ್ಣುಮುಚ್ಚಿ ಅದನ್ನೇ ತೆಗೆದುಕೊಳ್ಳಿ ಎಂದಿದ್ದಾರೆ. ಆ ಸಲಹೆಯನ್ನು ನಾನು ಒಪ್ಪುವುದಿಲ್ಲ. ಏಕೆ ಎಂದು ಬಿಡಿಸಿ ಬರೆಯಲು ಹೋಗಿ ಉತ್ತರ ಉದ್ದವಾಗಿದೆ, ಬಿಡುವಾದಾಗ ಓದಿ.

ಎರಡು ರೆಕಾರ್ಡಿಂಗುಗಳನ್ನು ಪಕ್ಕಪಕ್ಕ ಇಟ್ಟಾಗ ಮೊದಲ ಅರ್ಧ ನಿಮಿಷದಲ್ಲಿ ಕಿವಿಗೆ ಬೀಳುವ ವ್ಯತ್ಯಾಸ ಸಾಮಾನ್ಯವಾಗಿ ಕಂಡಕ್ಟರ್ ಅವರದ್ದಲ್ಲ. ಅದು ಸಭಾಂಗಣದ್ದು, ಮೈಕ್ ಇಟ್ಟ ಜಾಗದ್ದು, ಆಮೇಲೆ ಮಾಸ್ಟರಿಂಗ್ (ಬಿಡುಗಡೆಗೆ ಮುನ್ನ ನಾದವನ್ನು ಹದಗೊಳಿಸುವ ಕೆಲಸ) ಮಾಡಿದವರದ್ದು. ಅದರಲ್ಲೂ ವಾಲ್ಯೂಮ್ ನಮ್ಮನ್ನು ಮೋಸ ಮಾಡುವಷ್ಟು ಬೇರೇನೂ ಮಾಡುವುದಿಲ್ಲ. ಒಂದು ಡೆಸಿಬೆಲ್ ಜೋರಾಗಿದ್ದರೂ ಕಿವಿ ಅದನ್ನು ಜೋರು ಎನ್ನುವುದಿಲ್ಲ, ಸ್ಪಷ್ಟ ಎನ್ನುತ್ತದೆ. ಐದನೆಯ ಸಿಂಫನಿ 1962ರದ್ದಕ್ಕಿಂತ 1977ರ ಸೆಟ್ಟಿನಲ್ಲೇ ಹೆಚ್ಚು ಚುರುಕು ಎಂದು ನಾನು ಎಷ್ಟೋ ವರ್ಷ ನಂಬಿಕೊಂಡಿದ್ದೆ. ಒಂದು ದಿನ ಎರಡರ ಮಟ್ಟವನ್ನೂ ಸರಿಮಾಡಿ ಕೇಳಿದರೆ ಆ ಚುರುಕಿನಲ್ಲಿ ಅರ್ಧಕ್ಕರ್ಧ ಕಾಣೆಯಾಯಿತು. ನನ್ನ ಬಳಿ ಇದ್ದ ಎರಡನೆಯ ಡಿಸ್ಕ್ ಜೋರಾಗಿತ್ತು, ಅಷ್ಟೇ. ನಿಮಗೆ 80ರ ದಶಕದ್ದು ಕ್ಲಿಯರ್ ಅನ್ನಿಸಿದ್ದರಲ್ಲೂ ಇದರ ಪಾಲು ಇರಬಹುದು.

ಆದ್ದರಿಂದ ಮೊದಲು ಈ ಕೆಲಸ ಮಾಡಿ. ಎರಡರಲ್ಲೂ ಒಂದೇ ಮೆಲುದನಿಯ ಜಾಗ ಆರಿಸಿ. ಏಳನೆಯದರ ಎರಡನೆಯ ಭಾಗದ ಶುರು ಇದಕ್ಕೆ ಹೇಳಿ ಮಾಡಿಸಿದ ಹಾಗಿದೆ. ಫೋನಿನ ಸೌಂಡ್ ಮೀಟರ್ ಆ್ಯಪ್ ಸ್ಪೀಕರಿನ ಮುಂದೆ ಒಂದೇ ಜಾಗದಲ್ಲಿಟ್ಟು, ಎರಡೂ ಹತ್ತಿರಹತ್ತಿರ ಒಂದೇ ಅಂಕಿ ತೋರಿಸುವವರೆಗೆ ವಾಲ್ಯೂಮ್ ಹೊಂದಿಸಿ. ಮೋನೋ ರೆಕಾರ್ಡಿಂಗನ್ನು ಸ್ಟೀರಿಯೋ ಜೊತೆ ಹೋಲಿಸುವುದಾದರೆ, ಫೋನಿನ ಆ್ಯಕ್ಸೆಸಿಬಿಲಿಟಿ ಸೆಟ್ಟಿಂಗಿನಲ್ಲಿ ಮೋನೋ ಆಡಿಯೋ ಎಂಬ ಗುಂಡಿ ಇರುತ್ತದೆ, ಸ್ಟೀರಿಯೋವನ್ನೂ ಒಂದು ಸಲ ಮೋನೋದಲ್ಲೇ ಕೇಳಿ. ವಾದ್ಯಗಳು ಎಡಬಲ ಹರಡಿಕೊಳ್ಳುವ ಆಕರ್ಷಣೆ ಹೋದ ಮೇಲೆ ನುಡಿಸಾಣಿಕೆ ಮಾತ್ರ ಉಳಿಯುತ್ತದೆ.

ಈಗ ನಾಲ್ಕು ಸೆಟ್ಟುಗಳ ಹಿನ್ನೆಲೆ. ಮೊದಲನೆಯದು ಲಂಡನ್ನಿನ ಫಿಲ್‌ಹಾರ್ಮೋನಿಯಾ ಆರ್ಕೆಸ್ಟ್ರಾ ಜೊತೆ 1951ರಿಂದ 1955ರವರೆಗೆ ಇಎಂಐ ಎಂಬ ರೆಕಾರ್ಡ್ ಕಂಪನಿಗೆ ಮಾಡಿದ್ದು. ನಿರ್ಮಾಪಕರು ಆ ಆರ್ಕೆಸ್ಟ್ರಾವನ್ನೇ ಕಟ್ಟಿದ ವಾಲ್ಟರ್ ಲೆಗ್. ಬಹುಪಾಲು ಮೋನೋ. ಉಳಿದ ಮೂರೂ ಬರ್ಲಿನ್ ಫಿಲ್‌ಹಾರ್ಮೋನಿಕ್ ಜೊತೆ, ಡಾಯ್ಚ ಗ್ರಾಮೊಫೋನ್ ಕಂಪನಿಗೆ: 1961-62, 1975-77, 1982-84. ಇವುಗಳಲ್ಲಿ ಮೊದಲನೆಯದನ್ನು ಬರ್ಲಿನ್‌ನ ಡಾಲೆಮ್ ಬಡಾವಣೆಯ ಯೇಸು ಕ್ರಿಸ್ತ ಚರ್ಚಿನಲ್ಲಿ ರೆಕಾರ್ಡ್ ಮಾಡಿದರು, ಮುಂದಿನ ಎರಡನ್ನು ಫಿಲ್‌ಹಾರ್ಮೊನಿ ಸಭಾಂಗಣದಲ್ಲಿ. ಹಾನ್ಸ್ ಶರೂನ್ ವಿನ್ಯಾಸ ಮಾಡಿದ, ಕೇಳುಗರು ಆರ್ಕೆಸ್ಟ್ರಾದ ಸುತ್ತಲೂ ಕೂರುವ ಈ ಸಭಾಂಗಣ 1963ರಲ್ಲಿ ತೆರೆಯಿತು, ಅದೂ ಕರಾಯಾನ್ ನಡೆಸಿದ ಒಂಬತ್ತನೆಯ ಸಿಂಫನಿಯಿಂದ. ಚರ್ಚಿನಲ್ಲಿ ನಾದ ಎದ್ದು, ತುಸು ನಿಂತು, ಮೆಲ್ಲಗೆ ಕರಗುತ್ತದೆ. ತಂತಿವಾದ್ಯಗಳ ಮೇಲೆ ಒಂದು ಬೆಚ್ಚನೆಯ ಹೊಳಪು ಕೂರುತ್ತದೆ. 80ರ ದಶಕದ ಡಿಜಿಟಲ್ ಸೆಟ್ಟಿನಲ್ಲಿ ಆ ಹೊಳಪು ಗಾಜಿನಷ್ಟು ಗಡುಸು. ಜೋರು ಜಾಗಗಳಲ್ಲಿ ಹಿತ್ತಾಳೆ ವಾದ್ಯಗಳೂ ಪಿಟೀಲುಗಳೂ ಒಂದರ ಮೇಲೊಂದು ಬಿದ್ದಂತೆ ನನಗೆ ಕೇಳಿಸುತ್ತದೆ.

ಕೊಳ್ಳುವ ಮೊದಲು ಒಂದು ಎಚ್ಚರ. 1962ರ ರೆಕಾರ್ಡಿಂಗೇ ಎಷ್ಟೋ ಮುಖಪುಟಗಳಲ್ಲಿ ಮತ್ತೆ ಮತ್ತೆ ಬಂದಿದೆ, ಎಸ್‌ಎಸಿಡಿ ಎಂಬ ಉನ್ನತ ಗುಣಮಟ್ಟದ ಡಿಸ್ಕ್ ಆಗಿಯೂ ಬಂದಿದೆ. ಬೇರೆ ಬೇರೆ ಎಂದುಕೊಂಡು ನಾನು ಅದನ್ನೇ ಎರಡು ಸಲ ಕೊಂಡೆ. ಸ್ಟ್ರೀಮಿಂಗ್ ಆ್ಯಪ್‌ಗಳಲ್ಲಿ ಕಾಣುವ ವರ್ಷ ಬಹಳ ಸಲ ಮರುಬಿಡುಗಡೆಯ ವರ್ಷ. ಗುರುತು ಹಿಡಿಯಲು ಸುಲಭದ ದಾರಿ ಎಂದರೆ ಒಂಬತ್ತನೆಯದರ ಗಾಯಕಿಯರ ಹೆಸರು ನೋಡುವುದು. ಸೊಪ್ರಾನೋ (ಅತಿ ಎತ್ತರದ ದನಿಯ ಗಾಯಕಿ) ಎಲಿಜಬೆತ್ ಶ್ವಾರ್ಟ್ಸ್‌ಕಾಫ್ ಆಗಿದ್ದರೆ ಅದು ಫಿಲ್‌ಹಾರ್ಮೋನಿಯಾದ 1955ರದ್ದು. ಗುಂಡುಲಾ ಯಾನೊವಿಟ್ಸ್ ಇದ್ದರೆ 1962. ಅನ್ನಾ ತೊಮೊವಾ-ಸಿಂತೊವ್ ಇದ್ದರೆ 70ರ ದಶಕದ್ದು. ಜಾನೆಟ್ ಪೆರಿ ಇದ್ದರೆ ಕೊನೆಯದು. ಬಾಕ್ಸ್ ಸೆಟ್ ಯಾವುದೇ ಇರಲಿ, ಈ ಒಂದು ಹೆಸರು ನೋಡಿದರೆ ಸಾಕು.

ಅವಧಿಗಳನ್ನು ಹೋಲಿಸುವಾಗಲೂ ಹುಷಾರು. ಈ ಭಾಗ ಇಲ್ಲಿ 15 ನಿಮಿಷ, ಅಲ್ಲಿ 17, ಆದ್ದರಿಂದ ಇದು ವೇಗ ಎಂದು ಬರೆಯುವವರು ನಮ್ಮ ಗುಂಪಿನಲ್ಲೇ ಇದ್ದಾರೆ. ಮೂರನೆಯ ಸಿಂಫನಿ ಎರೋಯಿಕಾದ ಮೊದಲ ಭಾಗ 691 ಬಾರ್ (ತಾಳದ ಆವರ್ತ). ಬೀಥೋವನ್ 1817ರಲ್ಲಿ ತನ್ನ ಮೊದಲ ಎಂಟು ಸಿಂಫನಿಗಳಿಗೆ ಮೆಟ್ರೊನೋಮ್ ಅಂಕಿಗಳನ್ನು, ಅಂದರೆ ನುಡಿಸಬೇಕಾದ ವೇಗವನ್ನು, ಪ್ರಕಟಿಸಿದ. ಈ ಭಾಗಕ್ಕೆ ಅವನು ಕೊಟ್ಟ ಅಂಕಿಯ ಪ್ರಕಾರ ನಿಮಿಷಕ್ಕೆ 60 ಬಾರ್, ಅಂದರೆ ಸೆಕೆಂಡಿಗೆ ಒಂದು. ಹಾಗೆ ನುಡಿಸಿದರೆ ಹನ್ನೊಂದೂವರೆ ನಿಮಿಷದಲ್ಲಿ ಮುಗಿಯಬೇಕು. ಮೊದಲ ಸುಮಾರು 150 ಬಾರ್‌ಗಳನ್ನು ಮತ್ತೆ ನುಡಿಸಬೇಕೆಂದು ಸ್ಕೋರಿನಲ್ಲಿ (ಬರೆದ ಸ್ವರಲಿಪಿಯಲ್ಲಿ) ಇದೆ. ಅದನ್ನು ಪಾಲಿಸಿದರೆ 14 ನಿಮಿಷ. ಕರಾಯಾನ್ ಬರ್ಲಿನ್ ಸೆಟ್ಟುಗಳಲ್ಲಿ ಈ ಪುನರಾವರ್ತನೆಯನ್ನು ಬಿಟ್ಟುಬಿಟ್ಟಿದ್ದಾರೆ. ಹಾಗಾಗಿ ಪುನರಾವರ್ತನೆ ಮಾಡಿದ ಬೇರೊಬ್ಬರ ಒಟ್ಟು ಅವಧಿಯ ಪಕ್ಕ ಇವರದ್ದನ್ನು ಇಟ್ಟರೆ ಏನೂ ತಿಳಿಯುವುದಿಲ್ಲ. ಎರಡು ಗುರುತಿನ ನಡುವೆ ಸ್ಟಾಪ್‌ವಾಚ್ ಹಿಡಿಯಿರಿ: ಶುರುವಿನ ಎರಡು ಹೊಡೆತಗಳಿಂದ, ನಡುಭಾಗದಲ್ಲಿ ಇಡೀ ಆರ್ಕೆಸ್ಟ್ರಾ ಒರಟು ಅಪಸ್ವರದ ಮೇಲೆ ಮತ್ತೆ ಮತ್ತೆ ಬಡಿಯುತ್ತದಲ್ಲ, ಆ ಜಾಗದವರೆಗೆ. ಪುನರಾವರ್ತನೆ ಇದ್ದರೆ ಎರಡನೆಯ ಸುತ್ತು ಶುರುವಾದಾಗಿನಿಂದ ಎಣಿಸಿ.

ಕಾಲಪ್ರಮಾಣ ಒಂದೇ ಇದ್ದೂ ನಡೆ ಬೇರೆಯಾಗುತ್ತದೆ, ನಿಜವಾಗಿ ಕೇಳಬೇಕಾದದ್ದು ಅದನ್ನು. ನಾನು ಸಾಮಾನ್ಯವಾಗಿ ಮೂರೇ ಜಾಗ ಹಿಡಿದುಕೊಳ್ಳುತ್ತೇನೆ.

ಒಂದು, ಎರೋಯಿಕಾದ ಮೂರನೆಯ ಭಾಗದ ನಡುವೆ ಮೂರು ಹಾರ್ನ್‌ಗಳು (ಸುರುಳಿಯಾಕಾರದ ಹಿತ್ತಾಳೆ ವಾದ್ಯ) ಕೂಡಿ ನುಡಿಸುವ ಟ್ರಿಯೊ. 1952ರ ಫಿಲ್‌ಹಾರ್ಮೋನಿಯಾ ರೆಕಾರ್ಡಿಂಗಿನ ಕಾಲಕ್ಕೆ ಆ ಆರ್ಕೆಸ್ಟ್ರಾದ ಮೊದಲ ಹಾರ್ನ್ ವಾದಕ ಡೆನಿಸ್ ಬ್ರೇನ್. 1957ರಲ್ಲಿ ಕಾರು ಅಪಘಾತದಲ್ಲಿ ತೀರಿಕೊಂಡ ಆ ಮಹಾನುಭಾವರ ಕಾಲದ ನಾದ ಹಗುರ, ಚಿಮ್ಮುವಂಥದ್ದು. ಬರ್ಲಿನ್‌ನವರದ್ದು ದಪ್ಪ, ದುಂಡು. ಇಲ್ಲಿ ಬದಲಾಗಿದ್ದು ಕರಾಯಾನ್ ಅವರ ಮನಸ್ಸೋ ಹಾರ್ನ್ ಹಿಡಿದವರೋ ಎಂದು ಕೇಳಿಕೊಳ್ಳಿ. ನನ್ನ ಉತ್ತರ, ಬಹುಪಾಲು ಹಾರ್ನ್ ಹಿಡಿದವರು.

ಎರಡು, ಏಳನೆಯದರ ಎರಡನೆಯ ಭಾಗವಾದ ಅಲೆಗ್ರೆಟ್ಟೊ. ಮೊದಲು ಪಿಟೀಲಿಗಿಂತ ತಗ್ಗು ದನಿಯ ವಿಯೋಲಾ, ಚೆಲ್ಲೊ, ಬಾಸ್‌ಗಳು ಆ ನಡಿಗೆಯಂಥ ಲಯವನ್ನು ನುಡಿಸುತ್ತವೆ. ಆಮೇಲೆ ಅದು ಎರಡನೆಯ ಪಿಟೀಲುಗಳಿಗೆ ದಾಟಿದಾಗ ಕೆಳಗಡೆ ವಿಯೋಲಾ ಮತ್ತು ಚೆಲ್ಲೊಗಳಲ್ಲಿ ಉದ್ದನೆಯ ಹಾಡೊಂದು ಹುಟ್ಟುತ್ತದೆ. 1962ರದ್ದರಲ್ಲಿ ನಡಿಗೆ ಮುಂದಿದೆ, ಹಾಡು ಅದರ ಹೆಗಲ ಮೇಲೆ ಕೂತು ಬರುತ್ತದೆ. ಮುಂದಿನ ಸೆಟ್ಟುಗಳಿಗೆ ಬಂದಂತೆ ಹಾಡಿಗೇ ಪ್ರಾಧಾನ್ಯ. ಸ್ವರಗಳ ನಡುವಿನ ಸಂದುಗಳನ್ನು ತುಂಬಿ ಒಂದೇ ಎಳೆಯಾಗಿ ನೂಲುವ ಅಭ್ಯಾಸ ಕರಾಯಾನ್ ಅವರಲ್ಲಿ ವರ್ಷ ಕಳೆದಂತೆ ಹೆಚ್ಚಾಯಿತು. ಇದು ಸಭಾಂಗಣದ ಗುಣವಲ್ಲ, ಅವರದ್ದೇ. ನನಗೆ 1962ರ ನಡಿಗೆ ಇಷ್ಟ. ಈ ಸಂಗೀತ ನಡೆಯಬೇಕು, ತೇಲಬಾರದು.

ಮೂರು, ಒಂಬತ್ತನೆಯದರ ಕೊನೆಯ ಭಾಗ. ಆನಂದದ ರಾಗವನ್ನು ಮೊದಲು ಚೆಲ್ಲೊ ಮತ್ತು ಬಾಸ್‌ಗಳು ಯಾವ ಜೊತೆಯೂ ಇಲ್ಲದೆ, ಮೆಲ್ಲಗೆ ನುಡಿಸುತ್ತವೆ. ಎರಡನೆಯ ಸುತ್ತಿನಲ್ಲಿ ವಿಯೋಲಾಗಳೂ ಚೆಲ್ಲೊಗಳೂ ರಾಗ ಹಿಡಿದಾಗ ಬಸೂನ್ ಎಂಬ ತಗ್ಗು ದನಿಯ ಊದುವಾದ್ಯ ಒಂದು ತನ್ನದೇ ದಾರಿಯಲ್ಲಿ ಪಕ್ಕದಲ್ಲಿ ನಡೆದು ಬರುತ್ತದೆ. ಇಡೀ ಸಿಂಫನಿಯಲ್ಲಿ ನನಗೆ ಅತಿ ಪ್ರಿಯವಾದ 24 ಬಾರ್ ಇವು. ಬಸೂನ್ ಎಷ್ಟು ಕೇಳಿಸುತ್ತದೆ ಎಂಬುದರಲ್ಲಿ ಕಂಡಕ್ಟರ್, ಎಂಜಿನಿಯರ್, ಸಭಾಂಗಣ ಮೂವರ ಗುಟ್ಟೂ ಬಯಲಾಗುತ್ತದೆ. ಒಂದು ಸಲ ಸ್ಪೀಕರಿನಲ್ಲಿ, ಒಂದು ಸಲ ಹೆಡ್‌ಫೋನಿನಲ್ಲಿ ಕೇಳಿ. ಬೇರೆ ಏನನ್ನೂ ಗಮನಿಸಬೇಡಿ, ಬಸೂನ್ ಒಂದನ್ನೇ ಹಿಂಬಾಲಿಸಿ.

ಒಂದೇ ದಿನ ನಾಲ್ಕನ್ನೂ ಕೇಳಬೇಡಿ. ಮೂರನೆಯದರ ಹೊತ್ತಿಗೆ ಕಿವಿ ದಣಿದು, ಕೇಳಿಸುವುದು ಸಂಗೀತವಲ್ಲ, ನಮ್ಮ ಹಟ. ವಾರಕ್ಕೆ ಒಂದು ಸಾಕು.

ಇನ್ನು ಕೊನೆಯದೇ ಅಂತಿಮ ಮಾತು ಎಂಬ ವಾದ. ವಯಸ್ಸಾದಂತೆ ಕಂಡಕ್ಟರ್‌ಗಳು ನಿಧಾನವಾಗುತ್ತಾರೆ, ಆ ನಿಧಾನದಲ್ಲೇ ಆಳ ಇರುತ್ತದೆ ಎಂಬ ನಂಬಿಕೆ ಇದರ ಹಿಂದೆ ಇದೆ. ಅದಕ್ಕೆ ಉದಾಹರಣೆಗಳು ಇಲ್ಲವೆಂದಲ್ಲ. ಸಂಗೀತ ರಚನಕಾರ ಮಾಹ್ಲರ್ ಅವರ ಒಂಬತ್ತನೆಯ ಸಿಂಫನಿಯ ಕೊನೆಯ ಅಡಾಜಿಯೊ (ನಿಧಾನ ಗತಿಯ ಭಾಗ) ಕಂಡಕ್ಟರ್ ಲೆನರ್ಡ್ ಬರ್ನ್‌ಸ್ಟೈನ್ ಅವರ 1965ರ ನ್ಯೂಯಾರ್ಕ್ ರೆಕಾರ್ಡಿಂಗಿನಲ್ಲಿ 23 ನಿಮಿಷದ ಆಸುಪಾಸು. 1985ರ ಆಮ್‌ಸ್ಟರ್‌ಡ್ಯಾಮ್‌ನದ್ದರಲ್ಲಿ ಅದೇ ಭಾಗ 30 ನಿಮಿಷದ ಹತ್ತಿರ. ಇಲ್ಲಿ ಪುನರಾವರ್ತನೆಯ ಗೊಂದಲವೇ ಇಲ್ಲ, ಶುದ್ಧ ವಿಳಂಬ. 1985ರದ್ದು ಕೇಳುವಾಗ ಕೊನೆಯ ಪುಟದಲ್ಲಿ ಉಸಿರು ಬಿಗಿಹಿಡಿದು ಕೂರುತ್ತೇನೆ, ಆದರೂ 1965ರದ್ದರಲ್ಲಿ ಆ ಹಾಡು ಹೆಚ್ಚು ಸಹಜವಾಗಿ ಹರಿಯುತ್ತದೆ ಎಂದು ಹೇಳಲೇಬೇಕು. ಇವೆರಡರ ನಡುವೆ 1979ರ ಬರ್ಲಿನ್ ಕಛೇರಿಯದ್ದು ಒಂದಿದೆ. ಬರ್ಲಿನ್ ಫಿಲ್‌ಹಾರ್ಮೋನಿಕ್ ಅನ್ನು ಬರ್ನ್‌ಸ್ಟೈನ್ ನಡೆಸಿದ್ದು ಆಗ ಮಾತ್ರ. ಅಡಾಜಿಯೊದ ತುತ್ತತುದಿಯಲ್ಲಿ ಟ್ರೊಂಬೋನ್‌ಗಳು ಬರಬೇಕಾದಲ್ಲಿ ಬರುವುದೇ ಇಲ್ಲ. ಅಷ್ಟು ದೊಡ್ಡ ತಪ್ಪಿದ್ದೂ ಆ ರಾತ್ರಿಯ ಕಾವು ಸ್ಟುಡಿಯೋದಲ್ಲಿ ಸಿಗುವಂಥದ್ದಲ್ಲ. ಈ ಮೂರರಲ್ಲಿ ಅಂತಿಮ ಮಾತು ಯಾವುದು? ನಾನು ಮೂರನ್ನೂ ಇಟ್ಟುಕೊಂಡಿದ್ದೇನೆ.

ಇನ್ನೊಬ್ಬ ಕಂಡಕ್ಟರ್ ಹೆರ್ಬರ್ಟ್ ಬ್ಲೂಮ್‌ಸ್ಟೆಟ್ ಅವರದ್ದು ಇದಕ್ಕೆ ತದ್ವಿರುದ್ಧ. 1927ರಲ್ಲಿ ಹುಟ್ಟಿದವರು. 70ರ ದಶಕದಲ್ಲಿ ಡ್ರೆಸ್ಡೆನ್‌ನಲ್ಲಿ ಶುರುಮಾಡಿದ ಬೀಥೋವನ್ ಸೆಟ್ ಗಂಭೀರ, ಸಾವಧಾನ. ತೊಂಬತ್ತರ ಹೊಸ್ತಿಲಲ್ಲಿ, 2014ರಿಂದ 2017ರವರೆಗೆ ಲೈಪ್‌ಜಿಗ್‌ನ ಗೆವಾಂಡ್‌ಹೌಸ್ ಆರ್ಕೆಸ್ಟ್ರಾ ಜೊತೆ ಮಾಡಿದ್ದು ಅದಕ್ಕಿಂತ ವೇಗ, ಬೀಥೋವನ್‌ನ ಮೆಟ್ರೊನೋಮ್ ಅಂಕಿಗಳಿಗೆ ಹೆಚ್ಚು ಹತ್ತಿರ. ಈ ಎರಡು ಸೆಟ್ಟುಗಳನ್ನು ದಯವಿಟ್ಟು ಪಕ್ಕಪಕ್ಕ ಕೇಳಿ. ಒಬ್ಬ ಮನುಷ್ಯ ನಲವತ್ತು ವರ್ಷದಲ್ಲಿ ಕಲಿಯುತ್ತಲೇ ಹೋಗಿದ್ದು ಕಿವಿಗೆ ನೇರವಾಗಿ ಸಿಗುತ್ತದೆ.

ಕಂಡಕ್ಟರ್ ಕ್ಲಾಡಿಯೊ ಅಬ್ಬಾಡೊ ಅವರ ವಿಷಯದಲ್ಲಿ ಸ್ಕೋರೇ ಬದಲಾಯಿತು. 80ರ ದಶಕದ ವಿಯೆನ್ನಾ ಸೆಟ್ ಹಳೆಯ ಮುದ್ರಣದ ಕಾಲದ್ದು. 1999-2000ರ ಬರ್ಲಿನ್ ಸೆಟ್ಟಿನ ಹೊತ್ತಿಗೆ ಜೊನಾಥನ್ ಡೆಲ್ ಮಾರ್ ಪರಿಷ್ಕರಿಸಿದ ಬೇರೆನ್‌ರೈಟರ್ ಪ್ರಕಾಶನದ ಆವೃತ್ತಿ ಬಂದಿತ್ತು, ತಂತಿವಾದ್ಯಗಳ ಸಂಖ್ಯೆಯನ್ನೂ ಇಳಿಸಿದ್ದರು. ಆಮೇಲೆ ಬಂದ ಬಾಕ್ಸಿನಲ್ಲಿ ಮೊದಲ ಎಂಟಕ್ಕೆ 2001ರ ರೋಮ್ ಕಛೇರಿಗಳನ್ನು ಸೇರಿಸಿ, ಒಂಬತ್ತನೆಯದನ್ನು ಮಾತ್ರ ಬರ್ಲಿನ್‌ನದ್ದೇ ಉಳಿಸಿಕೊಂಡರು. ಕೊಳ್ಳುವಾಗ ಒಳಪುಟದ ತಾರೀಖು ನೋಡಿ. ಬ್ರುಕ್ನರ್ ಎಂಬ ರಚನಕಾರರಿಗೆ ಹೋದರೆ ಆವೃತ್ತಿಯ ತೊಡಕು ಇನ್ನೂ ಹೆಚ್ಚು, ಅದನ್ನು ಇನ್ನೊಂದು ದಿನ ಬರೆಯುತ್ತೇನೆ.

ನಿಮ್ಮ ಪ್ರಶ್ನೆಗೆ ನೇರ ಉತ್ತರ. ಒಂದೇ ಸೆಟ್ ಎಂದಾದರೆ 1961-62ರದ್ದು. ಅದರಲ್ಲಿ ಆರನೆಯ ಸಿಂಫನಿ ಪ್ಯಾಸ್ಟೊರಲ್ ನನಗೆ ಸಾಕಾಗುವುದಿಲ್ಲ, ಹಳ್ಳದ ದಡವನ್ನು ಚಿತ್ರಿಸುವ ಎರಡನೆಯ ಭಾಗದಲ್ಲೂ ಅವಸರ. ಆ ಸಿಂಫನಿಯೊಂದಕ್ಕೆ ಬೇರೆ ಕಂಡಕ್ಟರ್ ನೋಡಿ. ಒಂಬತ್ತನೆಯದು 70ರ ದಶಕದ್ದನ್ನೂ ಬಿಡಿಯಾಗಿ ಸೇರಿಸಿಕೊಳ್ಳಿ. ತೊಮೊವಾ-ಸಿಂತೊವ್ ಜೊತೆ ಅಗ್ನೆಸ್ ಬಾಲ್ಟ್ಸಾ, ಪೀಟರ್ ಶ್ರಾಯರ್, ಯೋಸೆ ವಾನ್ ಡಾಮ್ ಇರುವ ಆ ನಾಲ್ವರು ಗಾಯಕರ ಗುಂಪೇ ಕೊಂಡಿದ್ದಕ್ಕೆ ಸಾರ್ಥಕ. 80ರ ದಶಕದ್ದರಲ್ಲಿ ಎರೋಯಿಕಾ ಒಂದನ್ನು ಸ್ಟ್ರೀಮಿಂಗಿನಲ್ಲಿ ಕೇಳಿ. ಅದರ ಎರಡನೆಯ ಭಾಗವಾದ ಶವಯಾತ್ರೆಯ ಕೊನೆಯಲ್ಲಿ ರಾಗ ತುಂಡುತುಂಡಾಗಿ ಮಾತು ನಿಲ್ಲುವ ಜಾಗವನ್ನು ವೃದ್ಧಾಪ್ಯದ ಕರಾಯಾನ್ ಬಹಳ ನೋವಿನಿಂದ ನುಡಿಸಿದ್ದಾರೆ. ಪೂರ್ತಿ ಸೆಟ್ ಕೊಳ್ಳುವ ಅಗತ್ಯ ನನಗೆ ಕಾಣುವುದಿಲ್ಲ. ಫಿಲ್‌ಹಾರ್ಮೋನಿಯಾದ್ದು ಮೋನೋ ಎಂದು ದೂರ ಇಡಬೇಡಿ, ಬರ್ಲಿನ್‌ನದ್ದು ಕಿವಿಗೆ ಪಳಗಿದ ಮೇಲೆ ಅದಕ್ಕೆ ಬನ್ನಿ.

ಮಟ್ಟ ಸರಿಮಾಡಿಕೊಂಡು ಏಳನೆಯದರ ಅಲೆಗ್ರೆಟ್ಟೊವನ್ನು ಬರ್ಲಿನ್‌ನ ಮೂರರಲ್ಲೂ ಮತ್ತೊಮ್ಮೆ ಕೇಳಿ. ಆಗಲೂ ಒಂದೇ ಥರ ಅನ್ನಿಸಿದರೆ ಇಲ್ಲೇ ಬರೆಯಿರಿ, ಯಾವ ಬಿಡುಗಡೆಯ ಡಿಸ್ಕ್, ಸ್ಪೀಕರೋ ಹೆಡ್‌ಫೋನೋ ಎಂಬುದನ್ನೂ ಸೇರಿಸಿ.